ಉಮ್ಮ ಆಡಿದ ಇಂಗ್ಲಿಷ್ ಮಾತು

ಬೆಳ್ತಂಗಡಿ
2 ನವೆಂಬರ್ 2025

ಪ್ರೀತಿಯ ಉಮ್ಮನಿಗೆ,

ಅಸ್ಸಲಾಮು ಅಲೈಕುಂ. ಎಷ್ಟೇ ಸಿಟ್ಟಿದ್ದರೂ ಸಲಾಮಿಗೆ ಉತ್ತರ ಕೊಡದೆ ಇರಬಾರದು ಎಂದು ಹೇಳಿಕೊಟ್ಟವಳು ನೀನೇ. ಹಾಗಾಗಿ ನೀನು ಉತ್ತರ ಕೊಟ್ಟೆ ಎಂದೇ ತಿಳಿದು ಮುಂದೆ ಬರೆಯುತ್ತೇನೆ.

ಸಿನಾನನ ಮದುವೆಯ ನಂತರ ನೀನು ಮಾಡಿದ ಒಂದು ಫೋನನ್ನೂ ನಾನು ತೆಗೆಯಲಿಲ್ಲ. ಈಗ ನಾನಾಗಿ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಮೊದಲು ಕೇಳುವುದು ಊಟ ಆಯಿತಾ ಎಂದು. ಆಯಿತು ಎಂದರೆ ಏನು ಪದಾರ್ಥ ಎಂದು. ಅಷ್ಟರಲ್ಲಿ ಹೇಳಬೇಕಾದ್ದು ಒಳಗೇ ಉಳಿದು ನಾವಿಬ್ಬರೂ ಮೀನಿನ ವಿಷಯ ಮಾತಾಡಿ ಫೋನ್ ಇಡುತ್ತೇವೆ. ಅದಕ್ಕೇ ಈ ಕಾಗದ. ಮನೆಯಲ್ಲಿ ಮಾತಾಡುವುದು ಬ್ಯಾರಿ ಭಾಷೆಯಾದರೂ ಬರೆಯಲು ಕುಳಿತರೆ ನಮ್ಮಿಬ್ಬರಿಗೂ ಕನ್ನಡವೇ ಬರುವುದು. ಅಲ್ಲದೆ ಪೋಸ್ಟಿನ ಡಬ್ಬಿಗೆ ಹಾಕಿದ ಮಾತನ್ನು ಮತ್ತೆ ನುಂಗಿಕೊಳ್ಳಲು ಬರುವುದಿಲ್ಲ.

ಆ ದಿನ ಪಾಣೆಮಂಗಳೂರಿನ ಮದುವೆ ಹಾಲಿನಲ್ಲಿ ಆದದ್ದನ್ನು ನನ್ನ ಕಡೆಯಿಂದ ಹೇಳಿಬಿಡುತ್ತೇನೆ. ಊಟ ಮುಗಿಸಿದ ಹೆಂಗಸರೆಲ್ಲ ಮದುಮಗಳ ಕೋಣೆಯಲ್ಲಿ ಕಾಲು ಚಾಚಿ ಕುಳಿತಿದ್ದರು. ಮಗ ಸಿನಾನನ ಮದುವೆ ಮುಗಿಸಿದ ಖುಷಿಯಲ್ಲಿ ರುಕಿಯಾ ಮಾಮಿ ಒಬ್ಬೊಬ್ಬರನ್ನೇ ತಮಾಷೆ ಮಾಡುತ್ತಿದ್ದರು. ನನ್ನ ಸರದಿ ಬಂತು.

"ಇನ್ನು ಮುಂದಿನ ಮದುವೆ ಹನಾಳದ್ದು. ಆದರೆ ಟೀಚರಮ್ಮ, ಗಂಡಿನ ಕಡೆಯವರ ಹತ್ತಿರ ಮಾತ್ರ ಇಂಗ್ಲಿಷ್ ಮಾತಾಡಬೇಡ ಮಾರಾಯ್ತಿ. ನಿನ್ನ ಉಮ್ಮ ಒಂದೇ ಒಂದು ಮಾತು ಇಂಗ್ಲಿಷಲ್ಲಿ ಹೇಳಿ ಒಳ್ಳೆಯ ಸಂಬಂಧ ಕಳಕೊಂಡದ್ದು" ಎಂದರು.

ನಾನು ನಗುತ್ತಲೇ ಏನದು ಎಂದು ಕೇಳಿದೆ. ನಿನಗೆ ಎರಡನೇ ಮದುವೆಯ ಮಾತು ಬಂದಿತ್ತು ಎಂಬುದೇ ನನಗೆ ಅಂದಿನವರೆಗೆ ಗೊತ್ತಿರಲಿಲ್ಲ. ಮಾಮಿ ಹೇಳಿದರು. ಉಪ್ಪ ನಿನ್ನನ್ನು ಬಿಟ್ಟು ಆಗಲೇ ಕೆಲವು ವರ್ಷವಾಗಿತ್ತಂತೆ, ನನಗೆ ಆರು ವರ್ಷವಂತೆ. ಸಂಬಂಧ ತಂದ ಹಸನಬ್ಬಾಕ, ನಾವಾಗ ಇದ್ದ ನೌಫಲ್ ಮಾಮನ ಮನೆಯಲ್ಲಿ ಕುಳಿತು ಗಂಡಿನ ಅಣ್ಣನಿಗೆ ಫೋನ್ ಹಚ್ಚಿ ನಿನ್ನ ಕೈಗೆ ಕೊಟ್ಟರಂತೆ. ಆ ಅಣ್ಣ ಬಹರೈನಿನಲ್ಲಿ ಇದ್ದು ಬಂದವರು. "ಎನಿ ಇಶ್ಯೂಸ್?" ಎಂದು ಕೇಳಿದರಂತೆ. ನೀನು "ನೋ ಇಶ್ಯೂಸ್" ಎಂದೆಯಂತೆ.

"ಅವರು ಕೇಳಿದ್ದು ಮಕ್ಕಳುಂಟಾ ಅಂತ. ಇವಳು ಇಲ್ಲ ಅಂದುಬಿಟ್ಟಳು!" ಎಂದು ಮಾಮಿ ತೊಡೆ ತಟ್ಟಿ ನಕ್ಕರು. ಕೋಣೆಯಲ್ಲಿದ್ದವರೆಲ್ಲ ನಕ್ಕರು.

ಆ ಪದವನ್ನು ನಾನು ಅದೇ ವಾರ ಹತ್ತನೇ ತರಗತಿಗೆ ಕಲಿಸಿದ್ದೆ ಉಮ್ಮಾ. ಒಂದೇ ಪದ, ಹಲವು ಅರ್ಥ ಎಂಬ ಪಾಠ. ನಿನ್ನ ಕಾಲೇಜಿನ ಲೈಬ್ರರಿಯಲ್ಲಿ ನೀನು ಪುಸ್ತಕ ಕೊಡುವುದು ಇಶ್ಯೂ. ವಾರಪತ್ರಿಕೆಯ ಒಂದು ಸಂಚಿಕೆಯೂ ಇಶ್ಯೂ. ತಕರಾರು, ತೊಂದರೆ ಎಂದರೂ ಅದೇ. ಮತ್ತೆ ಕೋರ್ಟಿನ ಭಾಷೆಯಲ್ಲಿ ಸಂತಾನ. "ಹಾಗಾದರೆ ನಾವೆಲ್ಲ ನಮ್ಮ ಅಪ್ಪ ಅಮ್ಮನ ಇಶ್ಯೂಗಳಾ ಮಿಸ್?" ಎಂದು ಒಬ್ಬಳು ಕೇಳಿದ್ದಳು. ಇಡೀ ಕ್ಲಾಸು ನಕ್ಕಿತ್ತು. ನಾನೂ ನಕ್ಕಿದ್ದೆ.

ಆದರೆ ಮಾಮಿ ನಕ್ಕಾಗ ನನಗೆ ನಗು ಬರಲಿಲ್ಲ. ತಲೆ ಎತ್ತಿ ನೋಡಿದರೆ ನೀನು ಬಾಗಿಲಲ್ಲಿ ನಿಂತಿದ್ದೆ, ಕೈಯಲ್ಲಿ ನನ್ನ ರಾತ್ರಿಯ ಊಟಕ್ಕೆಂದು ಕಟ್ಟಿಸಿಕೊಂಡ ಬಿರಿಯಾನಿಯ ಪೊಟ್ಟಣ. ಅಷ್ಟು ಜನರ ಎದುರು ನಾನು ಕೇಳಿದ್ದು ನಿನಗೆ ನೆನಪಿರುತ್ತದೆ. "ನಾನು ಇದ್ದೆನಲ್ಲ ಉಮ್ಮಾ? ಇಲ್ಲ ಅಂತ ಹೇಳಿದ್ದಾ?"

ನೀನು ನನ್ನನ್ನೇ ನೋಡಿ "ಹೌದು, ಹೇಳಿದ್ದೆ" ಎಂದೆ. ಅಷ್ಟೇ. ಮತ್ತೆ ನೀನೇ, "ಬಸ್ಸಿಗೆ ಹೊತ್ತಾಯಿತು, ಚಪ್ಪಲಿ ಹಾಕು" ಎಂದೆ.

ಅದಕ್ಕೆ ನಾನು ಹೇಳಿದ ಮಾತನ್ನು ಇಲ್ಲಿ ಮತ್ತೆ ಬರೆಯಲೇಬೇಕು, ಇಲ್ಲದಿದ್ದರೆ ಈ ಕಾಗದಕ್ಕೆ ಅರ್ಥವಿಲ್ಲ. ಒಬ್ಬ ಗಂಡ ಸಿಗುತ್ತಾನೆಂದಾದರೆ ಮಗಳು ಸತ್ತುಹೋದಳು ಎಂದೂ ಹೇಳುತ್ತಿದ್ದೆಯಾ ಎಂದು ಕೇಳಿದೆ. ಮಾಮಿಯ ನಗು ಕೂಡ ನಿಂತುಹೋಯಿತು. ಬಿ.ಸಿ. ರೋಡಿನವರೆಗೆ ಒಂದೇ ರಿಕ್ಷಾದಲ್ಲಿ ಬಂದೆವು. ನೀನು ಮೂಡುಬಿದಿರೆ ಬಸ್ಸಿಗೆ ನಿಂತೆ, ನಾನು ಬೆಳ್ತಂಗಡಿಯ ಬಸ್ಸು ಹತ್ತಿದೆ. ಪೊಟ್ಟಣವನ್ನು ಕಿಟಕಿಯಿಂದ ಕೊಡಲು ನೀನು ಬಸ್ಸಿನ ಜೊತೆ ಸ್ವಲ್ಪ ದೂರ ಬಂದೆ. ನಾನು ಗಾಜು ಎಳೆದುಕೊಂಡೆ.

ಆಮೇಲೆ ನನಗೆ ಒಂದೇ ಯೋಚನೆ. ಯಾರಿಗಾಗಿ ನನ್ನನ್ನು ಇಲ್ಲವೆಂದೆಯೋ ಆ ಮನುಷ್ಯನನ್ನು ಒಮ್ಮೆ ನೋಡಬೇಕು. ಮಾಮಿಗೆ ಫೋನ್ ಮಾಡಿ ಹೆಸರು ಕೇಳಿದೆ. ಅವರು ಬೈದರು, ಮತ್ತೆ ಹೇಳಿದರು. ಇಬ್ರಾಹಿಂ ಖಲೀಲ್, ಮೂಡುಬಿದಿರೆಯಲ್ಲಿ ಕನ್ನಡಕದ ಅಂಗಡಿ, ಈಗಲೂ ಉಂಟು. ಕಳೆದ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟದ್ದೇ ವೇಣೂರಿನ ಮೇಲೆ ಮೂಡುಬಿದಿರೆಗೆ ಹೋಗುವ ಬಸ್ಸು ಹಿಡಿದೆ. ನೀನಿರುವ ಊರಿಗೇ ಬಂದು ನಿನಗೆ ಹೇಳದೆ ಹೋದದ್ದು ಇದೇ ಮೊದಲು.

ಹೋಗುವ ದಾರಿಯಲ್ಲಿ ಏನೇನೋ ಮಾತು ಜೋಡಿಸಿಕೊಂಡಿದ್ದೆ. ಅಂಗಡಿಯಲ್ಲಿ ಇದ್ದದ್ದು ಐವತ್ತು ದಾಟಿದ ಒಬ್ಬ ಸಣ್ಣ ಮೈಕಟ್ಟಿನ ಮನುಷ್ಯ, ತಲೆಯಲ್ಲಿ ಬಿಳಿ ಟೊಪ್ಪಿ, ಮಾತು ಬಹಳ ಮೆಲ್ಲಗೆ. ಗಿರಾಕಿಯ ಹಾಗೆ ನನ್ನ ಕನ್ನಡಕ ತೆಗೆದುಕೊಟ್ಟು ಸಡಿಲವಾಗಿದೆ ಎಂದೆ. ಅವರು ಅದರ ಕಡ್ಡಿಯ ತಿರುಪು ಬಿಗಿ ಮಾಡಿ, ಗಾಜು ಒರೆಸಿ, ದುಡ್ಡು ಬೇಡ ಎಂದು ವಾಪಸ್ ಕೊಟ್ಟರು. ನಾನು ಕನ್ನಡಕ ಹಾಕಿಕೊಂಡು, "ನಾನು ಲೈಬ್ರರಿಯ ಮುರ್ಶಿದಾರ ಮಗಳು" ಎಂದೆ.

ಅವರು ಹೆದರಿದ್ದು ಕಾಣಿಸಿತು. ಮತ್ತೆ, "ಹನಾ ಅಲ್ವಾ?" ಎಂದರು.

ನನ್ನ ಹೆಸರು ಅವರಿಗೆ ಹೇಗೆ ಗೊತ್ತು ಎಂದು ಕೇಳಿದೆ. "ನೀನು ಈ ಅಂಗಡಿಗೆ ಬಂದಿದ್ದೆ ಮಗಳೇ, ಇಷ್ಟಿದ್ದೆ" ಎಂದು ಮೇಜಿನ ಎತ್ತರ ತೋರಿಸಿದರು. ಪಕ್ಕದ ಹೋಟೆಲಿನಿಂದ ಚಾ ತರಿಸಿದರು. ನಾನು ಕುಡಿಯಲಿಲ್ಲ, ಅವರೂ ಕುಡಿಯಲಿಲ್ಲ. ಅವರು ಹೇಳಿದ್ದನ್ನೆಲ್ಲ ಹಾಗೆಯೇ ಬರೆಯುತ್ತೇನೆ. ಯಾಕೆಂದರೆ ಅವರ ಬಾಯಲ್ಲಿ ನೀನು ಹೇಗೆ ಕಾಣುತ್ತೀ ಎಂದು ನಿನಗೆ ಯಾರೂ ಹೇಳಿರಲಾರರು.

ಅವರ ಮೊದಲ ಹೆಂಡತಿ ತೀರಿಹೋಗಿದ್ದರಂತೆ, ಮಕ್ಕಳಿರಲಿಲ್ಲವಂತೆ. ಹಸನಬ್ಬಾಕ ನಿನ್ನ ವಿಷಯ ತಂದಾಗ ಬಿಟ್ಟ ಹೆಣ್ಣು ಎಂದು ಮಾತ್ರ ಹೇಳಿದ್ದರಂತೆ. "ಮಗುವಿನ ಸುದ್ದಿಯನ್ನು ಅವರು ಎತ್ತಲೇ ಇಲ್ಲ. ಮೊದಲು ಕೂಡಿಬರಲಿ, ಆಮೇಲೆ ನೋಡುವ ಅಂತ ಇರಬೇಕು" ಎಂದರು. ನಿನ್ನನ್ನು ನೋಡಲು ಪಾಣೆಮಂಗಳೂರಿಗೆ ಬಂದಾಗ ಮನೆಯಲ್ಲಿ ನಾನಿರಲಿಲ್ಲ, ವಾಮದಪದವಿನಲ್ಲಿ ನಫೀಸಮ್ಮ ಅಜ್ಜಿಯ ಹತ್ತಿರ ಇದ್ದೆನಂತೆ. ನಿನ್ನ ಜೊತೆ ಮಾತಾಡಲು ಕೊಟ್ಟ ಸ್ವಲ್ಪ ಹೊತ್ತಿನಲ್ಲಿ ಅವರು ಏನು ಕೇಳಬೇಕೆಂದು ತೋಚದೆ, ಲೈಬ್ರರಿಯಲ್ಲಿ ಇಷ್ಟು ಪುಸ್ತಕ ಇದೆಯಲ್ಲ, ಎಲ್ಲ ಓದಿದ್ದೀರಾ ಎಂದು ಕೇಳಿದರಂತೆ. "ನಿಮ್ಮ ಅಂಗಡಿಯ ಕನ್ನಡಕ ಎಲ್ಲ ನೀವು ಹಾಕಿ ನೋಡಿದ್ದೀರಾ ಅಂತ ಕೇಳಿದರು" ಎಂದು ಹೇಳುವಾಗ ಅವರು ನಕ್ಕರು. ಉಮ್ಮಾ, ನೀನು ಹಾಗೆ ತಮಾಷೆ ಮಾಡಿದ್ದನ್ನು ನಾನು ಒಂದು ದಿನವೂ ಕೇಳಿಲ್ಲ.

ನಿಕಾಹ್‌ಗೆ ದಿನ ಗೊತ್ತಾಯಿತಂತೆ. ನೀವಿಬ್ಬರೂ ಫೋನಿನಲ್ಲಿ ಮಾತಾಡುತ್ತಿದ್ದಿರಂತೆ. ಮೂಡುಬಿದಿರೆಯ ಹತ್ತಿರವೇ ಪುತ್ತಿಗೆಯಲ್ಲಿ ಮನೆ ನೋಡಿದ್ದರಂತೆ. ಇಬ್ಬರೇ ಅಲ್ಲವಾ, ಒಂದು ಕೋಣೆ ಸಾಕು ಎಂದು ಅವರು ಹೇಳಿದರಂತೆ. ಅದಾಗಿ ಕೆಲವು ದಿನ ಕಳೆದು ಒಂದು ಮಧ್ಯಾಹ್ನ, ಅಂಗಡಿಯಲ್ಲಿ ಗಿರಾಕಿಗಳು ಇರುವಾಗಲೇ, ನೀನು ನನ್ನ ಕೈ ಹಿಡಿದುಕೊಂಡು ಒಳಗೆ ಬಂದೆಯಂತೆ. "ಇವಳು ನನ್ನ ಮಗಳು ಹನಾ. ನಿಮ್ಮ ಮನೆಯವರಿಗೆ ಇವಳ ವಿಷಯ ತಿಳಿದಿಲ್ಲ. ಈಗ ನೋಡಿ ಹೇಳಿ" ಎಂದೆಯಂತೆ.

"ನಾನು ಆಗಲೇ ಒಂದು ಮಾತು ಹೇಳಬೇಕಿತ್ತು" ಎಂದರು ಅವರು. "ಮನೆಯಲ್ಲಿ ಕೇಳಿ ಹೇಳ್ತೇನೆ ಅಂದೆ. ನಿನ್ನ ಉಮ್ಮ, ಆಯಿತು, ಕೇಳಿ ಅಂತ ಹೇಳಿ ಹೋದರು."

ಅವರ ತಾಯಿ ಬೇಡ ಎನ್ನಲಿಲ್ಲವಂತೆ. ಮಗು ಅಜ್ಜಿಯ ಹತ್ತಿರ ವಾಮದಪದವಿನಲ್ಲೇ ಬೆಳೆಯಲಿ, ಹಬ್ಬಕ್ಕೆ ಬರಲಿ ಹೋಗಲಿ, ನಮ್ಮ ಅಡ್ಡಿಯಿಲ್ಲ ಎಂದರಂತೆ. ಆ ಮಾತನ್ನು ಖಲೀಲ್ ಅವರೇ ಲೈಬ್ರರಿಗೆ ತಂದರಂತೆ. ನೀನು ಪುಸ್ತಕಗಳಿಗೆ ತಾರೀಕಿನ ಸೀಲು ಹಾಕುತ್ತಿದ್ದೆಯಂತೆ. ಕೆಲಸ ನಿಲ್ಲಿಸದೆ ಪೂರ್ತಿ ಕೇಳಿ, "ಇಲ್ಲಿಂದ ಪುಸ್ತಕ ಕೊಡುವಾಗ ವಾಪಸ್ ತರ್ತಾರೆ ಅಂತ ಒಂದು ಧೈರ್ಯ ಉಂಟು. ಮಗಳನ್ನು ಕೊಡಲಿಕ್ಕೆ ನನಗೆ ಧೈರ್ಯ ಇಲ್ಲ" ಎಂದೆಯಂತೆ. ಅಷ್ಟಕ್ಕೆ ಆ ಸಂಬಂಧ ಮುಗಿಯಿತು.

ಹೊರಡುವಾಗ ನಾನು ಅವರನ್ನು ಆ ಪದದ ವಿಷಯ ಕೇಳಿದೆ. "ಪಾಪ, ಅವರಿಗೆ ಅರ್ಥ ಆಗಲಿಲ್ಲ ಮಗಳೇ. ತಲಾಖ್ ಆದವರು ಅಲ್ವಾ, ಕೇಸು ಗೀಸು ಉಂಟಾ ಅಂತ ಅಣ್ಣ ಕೇಳಿದ್ದು ಅಂತ ತಿಳಿದರು. ನನಗೇ ಆ ಅರ್ಥ ಗೊತ್ತಿರಲಿಲ್ಲ, ಅಣ್ಣ ಆಮೇಲೆ ಹೇಳಿದ್ದು" ಎಂದರು. ಈಗ ಅವರಿಗೆ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ನಿನ್ನ ಕಾಲೇಜಿನಲ್ಲೇ ಓದುತ್ತಾಳಂತೆ, ನಿನ್ನ ಕೈಯಿಂದಲೇ ಪುಸ್ತಕ ತೆಗೆದುಕೊಂಡು ಹೋಗುತ್ತಾಳಂತೆ. ನಿನಗೆ ಇದು ಗೊತ್ತೇ ಇರಬೇಕು.

ಬಸ್‌ಸ್ಟ್ಯಾಂಡಿನಲ್ಲಿ ಬಹಳ ಹೊತ್ತು ಕುಳಿತೆ. ಅಲ್ಲಿಂದ ನಿನ್ನ ಲೈಬ್ರರಿಗೆ ನಡೆದೇ ಬರಬಹುದಿತ್ತು. ಬಾರದೆ ಬೆಳ್ತಂಗಡಿಯ ಬಸ್ಸು ಹತ್ತಿದೆ.

ಆ ಸಂಬಂಧ ತಪ್ಪಿದ ಸಿಟ್ಟಿಗೆ ನೌಫಲ್ ಮಾಮ ನಿನ್ನ ಜೊತೆ ಮಾತು ಬಿಟ್ಟರು, ಅದಕ್ಕೇ ನಾವು ಪುತ್ತಿಗೆಯ ಬಾಡಿಗೆ ಕೋಣೆಗೆ ಬಂದದ್ದು ಎಂದೂ ಈಗ ತಿಳಿಯಿತು. ಲೈಬ್ರರಿಗೆ ಹತ್ತಿರವಾಗಲಿ ಎಂದು ಬಂದದ್ದು ಎಂದು ನೀನು ಹೇಳಿದ್ದನ್ನೇ ನಾನು ನಂಬಿದ್ದೆ. ಆ ಕೋಣೆ ಸಣ್ಣದೆಂದು, ಗೆಳತಿಯರನ್ನು ಕರೆಯಲಾಗುವುದಿಲ್ಲವೆಂದು ನಾನು ಎಷ್ಟು ಸಲ ಮುಖ ಊದಿಸಿಕೊಂಡಿದ್ದೇನೆ! ನನಗೆ ಬಿ.ಎಡ್. ಮಾಡಿಸಿ, ಕೆಲಸ ಸಿಕ್ಕಿದ ದಿನ ಬೆಳ್ತಂಗಡಿಯವರೆಗೆ ಬಂದು ಕೋಣೆ ಗುಡಿಸಿ ಕೊಟ್ಟು ಹೋದವಳು ನೀನು.

ನೀನು ಆ ಪದವನ್ನು ದಿನವೂ ಕೌಂಟರಿನಲ್ಲಿ ಆಡುವವಳು. ನಿನಗೆ ಇಶ್ಯೂ ಎಂದರೆ ಪುಸ್ತಕ ಕೊಡುವುದು, ಹೆಚ್ಚೆಂದರೆ ತಕರಾರು. ಸಂತಾನ ಎಂಬ ಅರ್ಥ ವಕೀಲರಿಗೆ ಗೊತ್ತಿರುತ್ತದೆ, ಡಿಕ್ಷನರಿ ನೋಡಿ ಪಾಠ ಮಾಡುವ ನನ್ನಂಥವರಿಗೆ ಗೊತ್ತಿರುತ್ತದೆ. ನಿನಗೆ ಹೇಗೆ ಗೊತ್ತಾಗಬೇಕು? ಒಂದು ಪದ ತಪ್ಪಾಗಿ ಬಳಸಿದ ಮಕ್ಕಳಿಗೆ ನಾನು ಅರ್ಧ ಮಾರ್ಕಾದರೂ ಕೊಡುತ್ತೇನೆ. ನಿನಗೆ ಅಷ್ಟೂ ಕೊಡಲಿಲ್ಲ. ಮದುವೆ ಹಾಲಿನಲ್ಲಿ ನೀನು ಒಂದು ಮಾತು, "ನನಗೆ ಅರ್ಥವಾಗಲಿಲ್ಲ" ಎಂದಿದ್ದರೆ ನಾನು ಸುಮ್ಮನಾಗುತ್ತಿದ್ದೆ. ಯಾಕೆ ಹೇಳಲಿಲ್ಲ?

ಮಾಫ್ ಮಾಡು ಉಮ್ಮಾ. ಈ ತಿಂಗಳ ಕೊನೆಯ ಭಾನುವಾರ ಬರುತ್ತೇನೆ. ಅದಕ್ಕೆ ಮೊದಲು ಎರಡು ಸಾಲು ಬರೆ. ಬೈದು ಬರೆದರೂ ಸರಿ.

ನಿನ್ನ
ಹನಾ

*

ಪುತ್ತಿಗೆ
7 ನವೆಂಬರ್ 2025

ನನ್ನ ಮುದ್ದು ಹನಾಳಿಗೆ,

ವ ಅಲೈಕುಮುಸ್ಸಲಾಂ. ಕಾಗದ ನಿನ್ನೆ ಸಿಕ್ಕಿತು. ಪೋಸ್ಟ್‌ಮ್ಯಾನ್ ಲೈಬ್ರರಿಗೇ ತಂದುಕೊಟ್ಟ. ಕೌಂಟರಿನಲ್ಲಿ ಜನ ಇತ್ತು, ಬಿಚ್ಚಲಿಲ್ಲ. ಮನೆಗೆ ಬಂದು ಸಂಜೆಯ ಅಸರ್ ನಮಾಜ್ ಮುಗಿಸಿ ಓದಿದೆ. ಮತ್ತೊಮ್ಮೆ ಓದಿದೆ. ನಿನ್ನ ಅಕ್ಷರ ಈಗ ಬಹಳ ಚೆಂದ ಆಗಿದೆ, ಬೋರ್ಡಿನಲ್ಲಿ ಬರೆದು ಬರೆದು ಇರಬೇಕು.

ನಿನ್ನ ಮೇಲೆ ಸಿಟ್ಟಿಲ್ಲ. ಬಸ್ಸಿನ ಗಾಜು ಎಳೆದದ್ದಕ್ಕೆ ಆ ದಿನ ಸ್ವಲ್ಪ ಬೇಜಾರಾಗಿತ್ತು, ಬಿರಿಯಾನಿ ತಣ್ಣಗಾಗುತ್ತದಲ್ಲ ಎಂದೂ ಇತ್ತು. ಪಕ್ಕದ ಮನೆಯ ಶ್ರೀಮತಿ ಟೀಚರು ನಿನ್ನ ವಿಷಯ ಕೇಳಿದಾಗಲೆಲ್ಲ ಪರೀಕ್ಷೆಯ ಪೇಪರು ತಿದ್ದುವುದುಂಟು, ಪುರುಸೊತ್ತಿಲ್ಲ ಎಂದು ಹೇಳಿದೆ.

ಖಲೀಲ್ ಅವರ ಅಂಗಡಿಗೆ ನೀನು ಹೋಗಬಾರದಿತ್ತು. ಅವರಿಗೊಂದು ಸಂಸಾರ ಉಂಟು. ಅವರು ಒಳ್ಳೆಯವರು. ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರ ಮಗಳು ಲೈಬ್ರರಿಗೆ ಬರುವುದು ನಿಜ. ಪುಸ್ತಕದ ಪುಟ ಮಡಚುವ ಅಭ್ಯಾಸ ಅವಳಿಗೆ. ಬೇರೆಯವರಾದರೆ ಗದರುತ್ತೇನೆ, ಅವಳಿಗೆ ಒಂದು ಕಾಗದದ ಪಟ್ಟಿ ಕೊಟ್ಟು ಇದನ್ನು ಇಡು ಎನ್ನುತ್ತೇನೆ. ನನಗೆ ಆ ಕಾಲದ ನೆನಪೇ ಇಲ್ಲ ಎಂದು ಬರೆದರೆ ನೀನು ನಂಬುವುದಿಲ್ಲ, ಬರೆಯುವುದೂ ಇಲ್ಲ. ಅವರ ಫೋನ್ ಬರುವ ಹೊತ್ತಿಗೆ ನಾನು ಕನ್ನಡಿ ನೋಡಿಕೊಳ್ಳುತ್ತಿದ್ದೆ, ಫೋನಿನಲ್ಲಿ ಮುಖ ಕಾಣುತ್ತದೆಯೋ ಎಂಬ ಹಾಗೆ.

ಅವರು ನಿನ್ನನ್ನು ನೋಡಿ ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದದ್ದಕ್ಕೆ ನಾನು ಬೇಸರ ಮಾಡಿಕೊಂಡದ್ದು ಹೌದು. ಆದರೆ ಅವರಿಗೆ ಯೋಚಿಸಲು ಒಂದು ದಿನವಾದರೂ ನಾನು ಮೊದಲೇ ಕೊಡಬೇಕಿತ್ತು. ತುಂಬಿದ ಅಂಗಡಿಯಲ್ಲಿ ಮಗುವನ್ನು ತಂದು ನಿಲ್ಲಿಸಿ ಈಗಲೇ ಹೇಳಿ ಎಂದರೆ ಯಾವ ಗಂಡಸು ಏನು ಹೇಳಿಯಾನು? ಅವರೊಬ್ಬರೇ ಇದ್ದಾಗ ಹೋಗಿದ್ದರೆ ಎಂದು ಈಗಲೂ ಒಮ್ಮೊಮ್ಮೆ ಅನಿಸುತ್ತದೆ. ನೌಫಲನ ಮೇಲೂ ಸಿಟ್ಟು ಇಟ್ಟುಕೊಳ್ಳಬೇಡ. ಅವನು ನನಗೊಂದು ದಾರಿಯಾಗಲಿ ಎಂದೇ ಓಡಾಡಿದವನು.

ನಿನಗೆ ಕೆಮ್ಮು ಹೋಗಿದೆಯಾ? ಬೆಳಿಗ್ಗೆ ತಣ್ಣೀರಿನಲ್ಲಿ ಸ್ನಾನ ಮಾಡಬೇಡ. ಒಣ ಸೀಗಡಿಯ ಚಟ್ನಿ ಮಾಡಿ ಇಟ್ಟಿದ್ದೇನೆ.

ನಿನ್ನ
ಉಮ್ಮ

ಮರೆತ ಮಾತು: ಮರೆತದ್ದಲ್ಲ, ಇಷ್ಟು ಹೊತ್ತು ಬರೆಯಲು ಆಗಲಿಲ್ಲ. ಅರ್ಥವಾಗಲಿಲ್ಲ ಎಂದು ನಾನು ಯಾಕೆ ಹೇಳಲಿಲ್ಲ ಎಂದು ಕೇಳಿದ್ದೀ. ನಿನ್ನ ಉಪ್ಪನಿಂದ ಬಿಡುಗಡೆಯಾಗುವಾಗ ಬಂಟ್ವಾಳದ ವಕೀಲರು ಇಂಗ್ಲಿಷಿನಲ್ಲಿ ಒಂದು ಕರಾರು ಮಾಡಿಸಿದ್ದರು. ಸಹಿಗೆ ಮೊದಲು ಸಾಲು ಸಾಲಾಗಿ ಓದಿದರು. "ಒನ್ ಫೀಮೇಲ್ ಇಶ್ಯೂ, ಹನಾ" ಎಂದು ಬಂದಾಗ ನಾನು ತಡೆದು, ಇಶ್ಯೂ ಎಂದರೆ ಏನು ಸರ್ ಎಂದು ಕೇಳಿದೆ. ನಿಮ್ಮ ಮಗು ಅಂತ ಅರ್ಥ ಅಮ್ಮ ಎಂದರು. ಅದರ ಕೆಳಗೆ ಸಹಿ ಹಾಕಿದೆ. ಹಾಗಾಗಿ ಫೋನಿನಲ್ಲಿ ಅವರ ಅಣ್ಣ ಕೇಳಿದ್ದು ಏನೆಂದು ನನಗೆ ಗೊತ್ತಿತ್ತು ಹನಾ. ಆ ಪದವನ್ನು ನಾನು ಸರಿಯಾದ ಅರ್ಥದಲ್ಲೇ ಬಳಸಿದ್ದು. ನೋಡಲು ಬರುವ ದಿನ ನಿನ್ನನ್ನು ವಾಮದಪದವಿಗೆ ಕಳಿಸಿದ್ದೂ ನಾನೇ. ನನಗೆ ಆಗ ಇಪ್ಪತ್ತೆಂಟು ವರ್ಷ. ಮದುವೆ, ಮಗು ಯಾವುದೂ ಆಗಿಲ್ಲದ ಒಬ್ಬ ಹುಡುಗಿಯ ಹಾಗೆ ಒಮ್ಮೆ ಇದ್ದು ನೋಡಬೇಕು ಎನಿಸಿತು. ಫೋನ್ ಇಟ್ಟು ಒಳಗೆ ಬಂದಾಗ ಯಾರದ್ದು ಉಮ್ಮಾ ಎಂದು ನೀನು ಕೇಳಿದೆ. ಲೈಬ್ರರಿಯವರದ್ದು ಎಂದೆ. ಅಂಗಡಿಗೆ ನಿನ್ನನ್ನು ಕರೆದುಕೊಂಡು ಹೋಗುವವರೆಗೆ ನಿನ್ನ ಮುಖ ನೋಡಿ ಅನ್ನ ತಿನ್ನಿಸಲು ನನ್ನಿಂದ ಆಗುತ್ತಿರಲಿಲ್ಲ. ನೀನು ಕೇಳಿದ ಮಾಫಿ ನನಗೆ ಸಲ್ಲುವುದಲ್ಲ, ಅದನ್ನು ವಾಪಸ್ ತೆಗೆದುಕೋ. ಭಾನುವಾರ ಬರುವುದಾದರೆ ಇದನ್ನು ತಿಳಿದುಕೊಂಡೇ ಬಾ. ಬಾರದಿದ್ದರೆ ಚಟ್ನಿಯನ್ನು ಬೆಳ್ತಂಗಡಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತೇನೆ.